ಪತ್ತಾರನ ತಕ್ಕಡಿ

ಎರಡು ಡಬ್ಬಿ ಇಟ್ಟೀನಿ ಕಟ್ಟೀ ಮ್ಯಾಲ.
ಒಂದಕ್ಕ ಕಂಪನಿ ಮುದ್ರಿ, ಮಿಂಚೋ ಚೀಟಿ,
ಆರು ಸಾವಿರದ ಎಂಟುನೂರು.
ಇನ್ನೊಂದು ಬರೇ ಕಂದು ರಟ್ಟು,
ಎಲ್ಲಿ ಹುಟ್ಟೇದೋ ಬರದಿಲ್ಲ,
ಎರಡು ಸಾವಿರದ ಮುನ್ನೂರು.
ಮಹಾನಂದಾ ಎರಡೂ ಮೂಗಿನ ಹಂತ್ಯಾಕ ಒಯ್ದು ನೋಡಿದಳು,
ಕ್ಯಾನಿನ ಹಾಲು ನೋಡೋ ಹಂಗ.

“ಯಾವುದು ಹಾಕ್ತಿ, ಮಿಸ್ತ್ರಿ?”

ಇಪ್ಪತ್ತೆರಡು ವರ್ಷಾತು ಇದೇ ಪ್ರಶ್ನಿ.
ದುಧನಿ ಅಡತಿಗೆ ತೊಗರಿ ತರೋರು ಕನ್ನಡದಾಗ ಕೇಳ್ತಾರ,
ಸೋಲಾಪುರ ಕಡಿಯವರು ಮರಾಠಿಯೊಳಗ.
ಎಂಜಿನ್ ಮಾತ್ರ
ಎರಡೂ ಭಾಷಾದಾಗ ಒಂದೇ ತರಾ ಕೆಮ್ಮತದ.

ಈಕಿ ಟೆಂಪೋದ ಬ್ಲಾಕು ಒಮ್ಮೆ ಬೋರ್ ಆಗೇದ, ಇಪ್ಪತ್ತೈದಕ್ಕ.
ಈ ಸಲ ಐವತ್ತು.
ಸವದದ್ದನ್ನ ಇನ್ನಷ್ಟು ಕೊರದು ಸಮ ಮಾಡೋದು,
ಇದಕ್ಕ ರಿಪೇರಿ ಅಂತಾರ.
ಮುಂದಿನ ಸಲ ಎಪ್ಪತ್ತೈದು ಅಂದ್ರ
ಆ ಅಳತಿ ಪಿಸ್ಟನ್ ಕಂಪನಿ ಮಾಡಂಗೇ ಇಲ್ಲ.
ತಾ ಹಡದ ಗಾಡಿ ಮುಪ್ಪಾತಂದ್ರ ಅದಕ್ಕ ಗುರ್ತ ಹತ್ತಂಗಿಲ್ಲ.
ಆವಾಗ ಯಾವುದು ಅಂತ ಯಾರು ಕೇಳ್ತಾರ,
ಕಂದು ಡಬ್ಬೀನೇ ಗತಿ.

ಕಂದು ಡಬ್ಬಿ ಬಿಚ್ಚಿದೆ. ಎರಡು ಪಿಸ್ಟನ್.
ಅರಬ್ಯಾಗ ಸುತ್ತಿ ಒಯ್ದೆ ಮೋನಪ್ಪ ಪತ್ತಾರನ ಹತ್ರ.
ತಾಳಿ ಗುಂಡು ತೂಗೋ ತಕ್ಕಡಿ ಅದು.
“ಇವತ್ತೇನು ತಂದಿ, ಬಂಗಾರಾ?” ಅಂದ.
ಪ್ರತಿ ಸಲ ಅಂತಾನ, ತಾನೇ ನಗತಾನ.
ಒಂದಕ್ಕಿಂತ ಒಂದು ಹನ್ನೊಂದು ಗ್ರಾಂ ಹೆಚ್ಚು.
ಕಂಪನಿಯವಕ್ಕ ಗುಲಗಂಜಿಯಷ್ಟೂ ಫರಕ ಇರಂಗಿಲ್ಲ, ಸುಳ್ಳ್ಯಾಕ ಹೇಳಲಿ.
ಹನ್ನೊಂದು ಗ್ರಾಂ ಅಂದ್ರ ಒಬ್ಬ ಅಳಿಯನ ಉಂಗುರ.
ಆ ಉಂಗುರ ಮಿನಿಟಿಗೆ ಮೂರು ಸಾವಿರ ಸಲ
ಮ್ಯಾಲ ಕೆಳಗ ಜಗ್ಯಾಡಿದರ
ಬೇರಿಂಗು ತಿಂದು ತೇಗತದ.

ಕಾನಸ ತಗೊಂಡು ಕುಂತೆ.
ಒಳಗಿನ ಅಂಚು ತಿಕ್ಕು, ಓಡು, ತೂಗು,
ಮೂರು ಗ್ರಾಂ ಉಳೀತು,
ಮತ್ತ ತಿಕ್ಕು.
ಮೋನಪ್ಪ ಅಂಗಡಿ ಬಾಗಲಾ ಎಳಿಯೋತನಕ.
ಅಗ್ಗ ಆತು ಅಂತೀರಿ ನೀವು.
ಆ ನಾಕೂವರೆ ಸಾವಿರ ನನ್ನ ರಟ್ಟಿಯಾಗಿಂದ ಹೋಗತದ,
ಅದಕ್ಕ ಬಿಲ್ಲು ಇಲ್ಲ.

ಬೋಲ್ಟಿನ ಮಾತು ಬ್ಯಾರೆ.
ಗ್ವಾಡಿಗೆ ಮೊಳಿ ಹೊಡದು ತೂಗಬಿಟ್ಟೀನಿ ನೋಡ್ರಿ,
ಕನೆಕ್ಟಿಂಗ್ ರಾಡಿಂದು, ಅರ್ಧಕ್ಕ ಮುರದದ್ದು.
ಚಂದ್ರಾಮನ ಗಾಡ್ಯಾಗ ನಲವತ್ತು ರೂಪಾಯಿ ಉಳಿಸಿದ್ದೆ.
ಮೈಂದರಗಿ ದಾರ್ಯಾಗ, ಮೂವತ್ತು ಚೀಲ ಉಳ್ಳಾಗಡ್ಡಿ ಹೊತ್ತು,
ರಾಡು ಬ್ಲಾಕು ಸೀಳಿ ಹೊರಗ ಬಂತು.
ಬಗ್ಗಿ ಆ ತೂತಿನಾಗಿಂದ ನೋಡಿದೆ:
ಕೆಳಗ ರಸ್ತಾ ಕಂಡಿತು, ಎಣ್ಣಿ ಕುಡದ ಡಾಂಬರು,
ಅದನ್ನ ಸುತ್ತಿ ಹೊಂಟಿದ್ದ ಇರುವಿ ಸಾಲು.
ಚಂದ್ರಾಮ ಬೈಲಿಲ್ಲ.
ಟಾವೆಲ್ ತಲಿಗೆ ಸುತ್ತಿ ಚೀಲ ಇಳಸಾಕ ಹತ್ತಿದ.
ಬೈದಿದ್ದರ
ಈ ತುಂಡು ನಾ ಎಂದೋ ಒಗದಿರ್ತಿದ್ದೆ.

“ನಿನ್ನ ಫಟಫಟಿಗೆ ಏನು ಹಾಕೀದಿ?” ಮಹಾನಂದಾ ಕೇಳಿದಳು.
ನನ್ನದಾ? ಏಳು ಸತ್ತ ಗಾಡಿ ಸಾಮಾನು ಕೂಡಿ ಒಂದು ಜೀವ ಅದು.
ಕಾಗದದಾಗ ಇನ್ನೂ ಮೊದಲಿನ ಹೆಸರೇ ಅದ.
ಆಕಿ ನಕ್ಕು ನೋಟು ಎಣಿಸಿದಳು.
ಪಿಸ್ಟನ್ ಕಂದು ಡಬ್ಬೀದು, ಬೋಲ್ಟು ಕಂಪನೀದು.
ಒಂದು ಸಾವಿರ ಬಾಕಿ, ಹಾಲಿನ ಪಗಾರ ಬಂದಮ್ಯಾಲ.

ಮೂರನೇ ದಿನ ನಸುಕಿನ್ಯಾಗ ಸುರು ಮಾಡಿದೆ.
ಹೊಗಿ ಬಂತು, ಬಿಳೇದು, ಆಮ್ಯಾಗ ಇಲ್ಲ.
ಸ್ಕ್ರೂಡ್ರೈವರ್ ಬ್ಲಾಕಿಗೆ ಊರಿ ಹಿಡಿಕಿ ಕಿವಿಗೆ ಒತ್ತಿದೆ.
ಹೊರಗ ಖಾಲಿ ಕ್ಯಾನು ಕುಣ್ಯಾಕ ಹತ್ತಿದ್ವು.
ಒಳಗ, ಭಾಳ ಒಳಗ,
ಟಿಕ್ ಅಂದಂಗಾತು.
ಟ್ಯಾಪೆಟ್ ಇರಬೇಕು.
ಕೈ ಮಾಡಿದೆ: ಹೋಗವಾ, ಹಾಲಿಗೆ ಹೊತ್ತಾತು.
ಟ್ಯಾಪೆಟ್ಟೇ ಇರಬೇಕು.